ಬೆಟ್ಟದ ಮಣ್ಣಿನ ಋಣ

ಬೆಟ್ಟದ ಮೇಲಿನ ಮಣ್ಣು ಯಾರ ಸೊತ್ತು? ಮೊದಲ ನೋಟಕ್ಕೆ ಇದು ಕಂದಾಯದ ಕಚೇರಿಯಲ್ಲಿ ತೀರಬೇಕಾದ ಪ್ರಶ್ನೆಯಂತೆ ಕಾಣುವುದು. ಪಹಣಿಯಲ್ಲಿ ಯಾರ ಹೆಸರಿದೆಯೋ ಹೊಲ ಅವರದು. ಗಡಿಕಲ್ಲಿನ ಒಳಗಿನ ಅರಣ್ಯ ಸರ್ಕಾರದ್ದು. ಗೋಮಾಳ ಊರಿನ ದನಕರುಗಳದು. ಆದರೆ ಒಂದು ಜಡಿಮಳೆ ಬಿದ್ದೊಡನೆ ಈ ಉತ್ತರ ಸಾಲದಾಗುತ್ತದೆ. ಮೇಲಿನವನ ಹೊಲದ ಮಣ್ಣು ಯಾವ ಗಡಿಯನ್ನೂ ಲೆಕ್ಕಿಸದೆ ಇಳಿದು, ಹಳ್ಳಕ್ಕೆ ಬಿದ್ದು, ಹಳ್ಳದಿಂದ ಕೆರೆಗೆ ಬಂದು, ಕೆರೆಯಂಗಳದಲ್ಲಿ ಹೂಳಾಗಿ ಕೂರುತ್ತದೆ. ಮೇಲೆ ಇದ್ದಾಗ ಅದು ಒಬ್ಬನ ಅನ್ನ. ಕೆಳಗೆ ಬಂದಾಗ ಅದು ಮತ್ತೊಬ್ಬನ ನೀರಿಗೆ ಕುತ್ತು. ಮೇಲಿನವನೂ ಕೆಳಗಿನವನೂ ಪರಸ್ಪರ ಮುಖವನ್ನೇ ಕಂಡವರಲ್ಲದಿರಬಹುದು. ಆದರೂ ಇಬ್ಬರ ನಷ್ಟಕ್ಕೆ ಕಾರಣ ಒಂದೇ. ಹೀಗಿರುವಲ್ಲಿ ಆ ಮಣ್ಣನ್ನು ಹಿಡಿದು ನಿಲ್ಲಿಸುವ ಹೊಣೆ ಯಾರದು, ಅದರ ಕಷ್ಟವನ್ನು ಯಾರು ಹೊರಬೇಕು ಎಂಬುದು ಕೇವಲ ವ್ಯವಸಾಯದ ಪ್ರಶ್ನೆಯಾಗಿ ಉಳಿಯದೆ ಧರ್ಮಜಿಜ್ಞಾಸೆಯ ವಿಷಯವೇ ಆಗುತ್ತದೆ.

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಗಳು ಈ ಜಿಜ್ಞಾಸೆಗೆ ತಕ್ಕ ನೆಲೆಯಾಗಿವೆ. ವಾಯವ್ಯದಿಂದ ಆಗ್ನೇಯಕ್ಕೆ ಸಾಲುಗಟ್ಟಿ ನಿಂತ ಬೆಟ್ಟಗಳು ಈ ನಾಡಿನ ಬೆನ್ನೆಲುಬು. ಚಿತ್ರದುರ್ಗದ ದಕ್ಷಿಣಕ್ಕೆ ಜೋಗಿಮಟ್ಟಿ ಈ ಸಾಲಿನ ಉನ್ನತ ಶಿಖರವಾಗಿದೆ. ವೇದಾವತಿಯು ಇದೇ ಸಾಲನ್ನು ಭೇದಿಸಿಕೊಂಡು ಹೊರಡುವ ಇಕ್ಕಟ್ಟಾದ ಎಡೆಯೇ ಹಿರಿಯೂರು ಸೀಮೆಯ ಮಾರಿಕಣಿವೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಪೂರ್ವಕ್ಕೆ ಹೋದಷ್ಟೂ ಇನ್ನೂ ಕಡಿಮೆ. ಮಳೆಯೇ ವಿರಳವಾದ ನಾಡಿನಲ್ಲಿ ಮಣ್ಣು ಕೊಚ್ಚಿಹೋಗುವ ಭಯವೇಕೆ ಎಂದು ಯಾರಾದರೂ ಕೇಳಬಹುದು. ಭಯವಿರುವುದು ಮಳೆಯ ಒಟ್ಟು ಪ್ರಮಾಣದಲ್ಲಲ್ಲ, ಅದು ಬರುವ ರೀತಿಯಲ್ಲಿ. ಬೇಸಗೆಯುದ್ದಕ್ಕೂ ಒಣಗಿ, ಹುಲ್ಲನ್ನೆಲ್ಲ ದನಕುರಿಗಳು ಮೇದು, ಬತ್ತಲೆಯಾದ ನೆಲದ ಮೇಲೆ ವರ್ಷದ ಮಳೆಯ ದೊಡ್ಡ ಪಾಲು ಕೆಲವೇ ದಿನಗಳಲ್ಲಿ ಗುಡುಗು ಸಿಡಿಲಿನೊಡನೆ ಸುರಿಯುತ್ತದೆ. ಹನಿಯೊಂದೊಂದೂ ಸುತ್ತಿಗೆಯ ಪೆಟ್ಟಿನಂತೆ ಮಣ್ಣಿನ ಕಣವನ್ನು ಎಬ್ಬಿಸುತ್ತದೆ. ಎದ್ದ ಕಣಗಳು ನೆಲದ ರಂಧ್ರಗಳನ್ನು ಮುಚ್ಚುತ್ತವೆ. ಇಂಗಲು ದಾರಿಯಿಲ್ಲದ ನೀರು ಮೇಲೆಯೇ ಹರಿಯುತ್ತದೆ. ಹರಿಯುವ ನೀರು ಗೆರೆಯಾಗಿ, ಗೆರೆ ಕೊರಕಲಾಗಿ, ಕೊರಕಲು ಹಳ್ಳವಾಗಿ ಬೆಳೆಯಲು ಹೆಚ್ಚು ವರ್ಷಗಳು ಬೇಡ. ಆದರೆ ಬಂಡೆಯು ಬಿಸಿಲು ಮಳೆಗಳಿಗೆ ಸವೆದು ಒಂದಂಗುಲ ಮಣ್ಣಾಗಲು ನೂರಾರು ವರ್ಷಗಳು ಬೇಕು. ಈ ಎರಡು ಕಾಲಮಾನಗಳ ವೈಷಮ್ಯವೇ ಅನರ್ಥದ ಮೂಲವಾಗಿದೆ.

ಮರಗಿಡಗಳು ಈ ಅನರ್ಥವನ್ನು ತಡೆಯುವ ಕ್ರಮ ಸರಳವಾದುದು. ಎಲೆಗಳ ಚಪ್ಪರ ಹನಿಯ ಪೆಟ್ಟನ್ನು ತಾನು ತಾಳುತ್ತದೆ. ಕೆಳಗೆ ಬಿದ್ದ ತರಗು ನೆಲಕ್ಕೆ ಹೊದಿಕೆಯಾಗಿ ನೀರಿನ ವೇಗವನ್ನು ಕುಗ್ಗಿಸುತ್ತದೆ. ಬೇರುಗಳು ಮಣ್ಣನ್ನು ಹೆಣೆದು ಹಿಡಿಯುತ್ತವೆ; ಸತ್ತ ಬೇರುಗಳ ಬಿಲಗಳಲ್ಲಿ ನೀರು ಇಳಿದು ನೆಲದೊಳಗೆ ಸೇರುತ್ತದೆ. ಅಲ್ಲಿಂದ ಅದು ಮೆಲ್ಲಮೆಲ್ಲನೆ ಜಿನುಗಿ, ಮಳೆ ನಿಂತು ತಿಂಗಳುಗಳಾದ ಮೇಲೂ ಬಾವಿಗೂ ಹಳ್ಳಕ್ಕೂ ಒದಗುತ್ತದೆ. ಈ ಸೀಮೆಯ ಬೆಟ್ಟಗಳಿಗೆ ಹೊಂದುವ ಕಮರ, ದಿಂಡಿಗ, ತುಗ್ಗಲಿ, ಮುತ್ತುಗ, ಕಕ್ಕೆ, ಸೀತಾಫಲ, ಹೊಲದ ಬದುಗಳಿಗೆ ಹೊಂದುವ ಹೊಂಗೆ, ಬೇವು, ಹುಣಸೆಗಳೆಲ್ಲ ಸದ್ದಿಲ್ಲದೆ ಮಾಡುವ ಕೆಲಸ ಇದೇ.

ಕೆಳಗಿನವರು ಮೇಲಿನವರಿಗೆ ಎಷ್ಟು ಋಣಿಗಳೆಂಬುದನ್ನು ವೇದಾವತಿಯೇ ತೋರಿಸಿಕೊಡುತ್ತದೆ. ಚಂದ್ರದ್ರೋಣ ಪರ್ವತದ ಬಾಬಾಬುಡನ್‌ಗಿರಿಯ ಮಗ್ಗುಲಲ್ಲಿ ಹುಟ್ಟಿದ ವೇದಾ ಮತ್ತು ಅವತಿ ಎಂಬ ಎರಡು ತೊರೆಗಳು ಕಡೂರಿನ ಬಳಿ ಕೂಡಿ ವೇದಾವತಿ ಎನಿಸಿಕೊಳ್ಳುತ್ತವೆ. ಆ ನದಿ ಹೊಸದುರ್ಗದ ಸೀಮೆಯನ್ನು ಹಾದು ಮಾರಿಕಣಿವೆಗೆ ಬರುತ್ತದೆ. ಅಲ್ಲಿ ಮೈಸೂರು ಸಂಸ್ಥಾನವು 1898ರಲ್ಲಿ ಕೆಲಸವನ್ನು ಆರಂಭಿಸಿ 1907ರಲ್ಲಿ ಅಣೆಕಟ್ಟನ್ನು ಪೂರೈಸಿತು. ವಾಣಿವಿಲಾಸ ಸಾಗರವೆಂದು ಹೆಸರಾದ ಈ ಜಲಾಶಯ 30 ಟಿ.ಎಂ.ಸಿ. ಅಡಿ ನೀರನ್ನು ಹಿಡಿಯಬಲ್ಲುದು. ಹಿರಿಯೂರಿನ ಅಚ್ಚುಕಟ್ಟಿನ ತೆಂಗು ಅಡಿಕೆಗಳಿಗೂ, ಹಿರಿಯೂರು ಚಿತ್ರದುರ್ಗ ಪಟ್ಟಣಗಳ ಕುಡಿಯುವ ನೀರಿಗೂ ಇದೇ ಆಧಾರ. 1933ರಲ್ಲಿ ಒಮ್ಮೆ ತುಂಬಿ ಕೋಡಿಬಿದ್ದ ಜಲಾಶಯ ಮತ್ತೆ ಕೋಡಿಬಿದ್ದುದು 89 ವರ್ಷಗಳ ಅನಂತರ, 2022ರಲ್ಲಿ, ಆಮೇಲೆ 2025ರಲ್ಲಿ. ಈಚೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಬಂದು ಸೇರುತ್ತಿದೆ. 2022ರಲ್ಲಿ ಆ ನೋಟವನ್ನು ಕಾಣಲು ನಾಲ್ಕೂ ಸೀಮೆಗಳ ಜನ ನೆರೆದರು. ನೀರಿಗೆ ಬಾಗಿನ ಸಂದಿತು. ಆ ಸಂತೋಷ ಸಹಜವಾದುದು. ಆದರೆ ಆ ನೀರನ್ನು ಹಿಡಿದು ಕಳುಹಿಸಿಕೊಟ್ಟ ಮೇಲ್ನೆಲದ ಕಡೆಗೆ ಎಷ್ಟು ಜನರ ಮನಸ್ಸು ತಿರುಗಿತು?

ಜಲಾಶಯಕ್ಕೆ ಬರುವುದು ನೀರು ಮಾತ್ರವಲ್ಲ. ಇದಕ್ಕೆ ನಿದರ್ಶನ ದೂರದಲ್ಲಿಲ್ಲ. 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಆಗ ಸುಮಾರು 133 ಟಿ.ಎಂ.ಸಿ. ಅಡಿ, ಹೂಳು ತುಂಬುತ್ತ ಬಂದು ಈಗ ಅದು ಸುಮಾರು 105ಕ್ಕೆ ಇಳಿದಿದೆ. ಕಳೆದುಹೋದ ಆ ಪಾಲನ್ನು ಯಾವ ಶತ್ರುವೂ ಅಪಹರಿಸಲಿಲ್ಲ. ಮೇಲ್ಭಾಗದ ಹೊಲ, ಗುಡ್ಡ, ಗಣಿಗಳ ಮಣ್ಣೇ ಬಂದು ನೀರಿನ ಸ್ಥಾನವನ್ನು ಆಕ್ರಮಿಸಿತು. ದೊಡ್ಡ ಜಲಾಶಯದ ಗತಿ ಹೀಗಾದರೆ ಊರೂರಿನ ಕೆರೆಗಳ ಪಾಡನ್ನು ಬೇರೆ ಹೇಳಬೇಕಾಗಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನು ಮಾಡಿಸಿದ ಕೆರೆಯನ್ನು ಹೇಳುವ 4ನೆಯ ಶತಮಾನದ ಶಾಸನ ಬಂಡೆಯ ಮೇಲಿದೆ. ಅಷ್ಟು ಹಿಂದಿನಿಂದ ಈ ನಾಡು ಕೆರೆ ಕಟ್ಟುವುದನ್ನು ಬಲ್ಲದು. ಕೆರೆಯ ಏರಿ ಕಟ್ಟುವುದು ಕೆಲಸದ ಒಂದರ್ಧ. ಕೆರೆಯ ಮೇಲಿನ ಗುಡ್ಡವನ್ನು ಕಾಯುವುದು ಇನ್ನೊಂದರ್ಧ. ಮೊದಲನೆಯದಕ್ಕೆ ಶಾಸನವುಂಟು, ಎರಡನೆಯದಕ್ಕೆ ಶಾಸನವಿಲ್ಲ. ಕಾಯುವ ಕೆಲಸಕ್ಕೆ ಹೆಸರು ಬರುವುದಿಲ್ಲವಾದ್ದರಿಂದಲೇ ಅದು ಹಿಂದೆ ಬೀಳುತ್ತದೆ.

ಇಲ್ಲಿ ಒಂದು ಪೂರ್ವಪಕ್ಷ ಏಳಬಹುದು. ಬಾವಿ, ಕೆರೆ, ತೋಪುಗಳನ್ನು ಮಾಡಿಸುವುದು ಪೂರ್ತವೆಂಬ ಪುಣ್ಯಕರ್ಮವೆಂದು ಪ್ರಾಚೀನ ಗ್ರಂಥಗಳು ಹೇಳುತ್ತವೆ. ಪುಣ್ಯವನ್ನು ಬಯಸುವವನು ಮರ ನೆಡಲಿ. ಬಯಸದವನಿಗೆ ಅದು ಕಡ್ಡಾಯವೇಕೆ? ಎಂದು ಆ ವಾದ.

ಇದಕ್ಕೆ ಶರಣಮಾರ್ಗದಲ್ಲಿ ಸಮಾಧಾನವುಂಟು. ಶರಣರು ದಾನಕ್ಕೂ ದಾಸೋಹಕ್ಕೂ ಭೇದವನ್ನು ಕಂಡವರು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ಕೊಟ್ಟುದು ತನ್ನದೆಂಬ ಅಭಿಮಾನ ಕೊಟ್ಟ ಮೇಲೂ ಉಳಿಯುವುದು. ದಾಸೋಹದಲ್ಲಿ ಕೊಡುವವನು ತಾನು ದಾಸನೆಂದು ತಿಳಿದು, ತನಗೆ ಬಂದುದನ್ನು ಎಲ್ಲಿಂದ ಬಂದಿತೋ ಅಲ್ಲಿಗೆ ಸಲ್ಲಿಸುತ್ತಾನೆ. ಮಣ್ಣು ಯಾರೂ ಮಾಡಿದ ವಸ್ತುವಲ್ಲ. ಪ್ರತಿಯೊಬ್ಬನೂ ಪಡೆದುಕೊಂಡು ಬಂದ ವಸ್ತು. ಆದುದರಿಂದ ಅದನ್ನು ಉಳಿಸಲು ಮಾಡುವ ಕೆಲಸ ದಾನವಾಗಲಾರದು, ದಾಸೋಹವೇ ಆಗಬೇಕು. ಪುಣ್ಯಾಪೇಕ್ಷೆಯಿಂದ ನೆಡುವವನು ನೆಟ್ಟ ದಿನವೇ ಫಲ ಬಂದಿತೆಂದು ತಿಳಿದು ಮನೆಗೆ ಹೋಗಬಹುದು. ಋಣವನ್ನು ತೀರಿಸಲು ನೆಡುವವನು ಹಾಗೆ ಹೋಗಲಾರನು. ಸಸಿ ಸತ್ತರೆ ಋಣ ತೀರಲಿಲ್ಲವೆಂದೇ ಅವನಿಗೆ ಅರ್ಥ.

ಈ ಭೇದ ಕೇವಲ ಮಾತಿನದಲ್ಲ, ನೆಲದ ಮೇಲೆ ಕಣ್ಣಿಗೆ ಕಾಣುವಂಥದು. ಜೂನ್ ತಿಂಗಳ ಆರಂಭದಲ್ಲಿ ನಾಡಿನಾದ್ಯಂತ ಸಸಿ ನೆಡುವ ಸಮಾರಂಭಗಳು ನಡೆಯುತ್ತವೆ. ಗಣ್ಯರು ಬರುತ್ತಾರೆ, ಭಾಷಣಗಳಾಗುತ್ತವೆ, ಗುಂಡಿಗೆ ಸಸಿ ಇಳಿಯುತ್ತದೆ, ಪಕ್ಕದಲ್ಲಿ ಹೆಸರಿನ ಫಲಕ ನಿಲ್ಲುತ್ತದೆ. ಆಗಸ್ಟಿನಲ್ಲಿ ಮಳೆ ಕೈಕೊಟ್ಟಾಗ ಆ ಸಸಿಗೆ ನೀರು ಹೊರುವವರು ಯಾರು? ಜನವರಿಯಲ್ಲಿ ಬೆಂಕಿ ಬೀಳದಂತೆ ಸುತ್ತಲಿನ ಒಣಹುಲ್ಲನ್ನು ಸವರುವವರು ಯಾರು? ಮಾರ್ಚಿನಲ್ಲಿ ಹಸಿದ ಆಡು ಬಂದಾಗ ತಡೆಯುವವರು ಯಾರು? ಮುಂದಿನ ಜೂನ್ ತಿಂಗಳಲ್ಲಿ ಅದೇ ಗುಂಡಿಯಲ್ಲಿ ಮತ್ತೊಂದು ಸಸಿ ಇಳಿಯುವುದುಂಟು. ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕಿಲ್ಲ ಎಂಬ ತತ್ತ್ವವನ್ನು ಶರಣರು ಗುಡಿಗಳನ್ನು ಕುರಿತು ಹೇಳಿದರು. ಸಸಿಯ ಬಳಿಯ ಫಲಕಕ್ಕೂ ಅದು ಸಲ್ಲುತ್ತದೆ. ಫಲಕ ಸ್ಥಾವರ, ಮೂರು ವರ್ಷ ಎಡೆಬಿಡದೆ ನಡೆದುಬಂದು ಆ ಗಿಡವನ್ನು ನೋಡಿಕೊಳ್ಳುವ ಕಾಲುಗಳು ಜಂಗಮ.

ಈ ಎಡೆಬಿಡದ ಆರೈಕೆಗೆ ಶರಣರು ಇಟ್ಟ ಹೆಸರು ಕಾಯಕ. ಅದಕ್ಕೆ ಉದಾಹರಣೆ ಇದೇ ಸೀಮೆಯಲ್ಲಿ ದೊರೆಯುವುದು. ಹೊಳಲ್ಕೆರೆ ತಾಲ್ಲೂಕಿನ ನುಲೇನೂರನ್ನು ಐತಿಹ್ಯವು ನುಲಿಯ ಚಂದಯ್ಯನ ಹೆಸರಿನೊಡನೆ ಕೂಡಿಸುತ್ತದೆ. ಚಂದಯ್ಯನು ನೀರಿನ ದಡದ ಹುಲ್ಲನ್ನು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದುದರಿಂದ ದಾಸೋಹ ನಡೆಸಿದ ಶರಣ. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ನೀರಿಗೆ ಬಿದ್ದರೂ ಅವನು ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಕಥೆ ಸುಪ್ರಸಿದ್ಧವಾದುದು. ಆ ಕಥೆಯನ್ನು ಕಾಯಕದ ಹಿರಿಮೆಗಾಗಿ ಹೇಳುವುದು ರೂಢಿ. ಅದರಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಹುಲ್ಲನ್ನು ಕೊಯ್ದು ಬದುಕುವವನು ಹುಲ್ಲಿನ ಬುಡವನ್ನು ಕೀಳಲಾರನು. ಬುಡ ಉಳಿದರೆ ಮುಂದಿನ ವರ್ಷದ ಕಾಯಕ ಉಳಿಯುವುದು. ಕೊಯ್ಯುವುದೂ ಕಾಯುವುದೂ ಒಂದೇ ಕೈಯಿಂದ ನಡೆದಾಗ ನೆಲ ಬತ್ತಲಾಗುವುದಿಲ್ಲ. ಇವೆರಡೂ ಬೇರೆಬೇರೆ ಕೈಗಳಿಗೆ ಹೋದಾಗ ಕೊಯ್ಯುವವನಿಗೆ ನಾಳೆಯ ಚಿಂತೆ ಇಲ್ಲವಾಗುವುದು, ಕಾಯುವವನಿಗೆ ಇಂದಿನ ಆಸರೆ ಇಲ್ಲವಾಗುವುದು.

ಈಗ ಎರಡನೆಯ ಪೂರ್ವಪಕ್ಷವನ್ನು ಎದುರಿಸಬೇಕು. ಇದು ಮೊದಲಿನದಕ್ಕಿಂತ ಕಠಿನವಾದುದು. ಹೊಸದುರ್ಗದ ಸೀಮೆಯ ಗುಡ್ಡದ ಮೇಲೆ ಇಪ್ಪತ್ತು ಆಡುಗಳನ್ನು ಮೇಯಿಸಿ ಜೀವಿಸುವ ಒಬ್ಬ ವಿಧವೆಯನ್ನು ಭಾವಿಸಿಕೊಳ್ಳಬಹುದು. ಅವಳಿಗೆ ಹೊಲವಿಲ್ಲ. ಒಲೆಗೆ ಬೇಕಾದ ಸೌದೆ ಗುಡ್ಡದಿಂದಲೇ ಬರಬೇಕು. ಒಂದು ದಿನ ಅವಳಿಗೆ, ‘ಇನ್ನು ಐದು ವರ್ಷ ಈ ಗುಡ್ಡಕ್ಕೆ ಆಡು ಹೊಡೆಯಕೂಡದು, ಇಲ್ಲಿ ಕಾಡು ಬೆಳೆಯಬೇಕು’ ಎಂದು ಆಜ್ಞೆಯಾಗುತ್ತದೆ. ಅವಳು ಹೀಗೆ ಕೇಳಬಹುದು: ‘ಕಾಡು ಬೆಳೆದರೆ ಮಣ್ಣು ನಿಲ್ಲುತ್ತದೆ, ನೀರು ತುಂಬುತ್ತದೆ, ಸರಿ. ಆ ನೀರು ಹೋಗುವುದು ಕೆಳಗಿನವರ ತೋಟಕ್ಕೆ. ನನ್ನ ಊರಿಗೆ ಆ ನಾಲೆ ಬರುವುದಿಲ್ಲ. ಅವರ ತೆಂಗು ಹಸಿರಾಗಲೆಂದು ನನ್ನ ಒಲೆ ಏಕೆ ಆರಬೇಕು?’ ಈ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಬಿಡುವವರು ಧರ್ಮವನ್ನು ಅರಿತವರಲ್ಲ. ಪರೋಪಕಾರವು ಶ್ರೇಷ್ಠವೆಂದು ಅವಳಿಗೆ ಉಪದೇಶಿಸುವುದು ಸುಲಭ. ಆದರೆ ಹಸಿದವರ ಪರೋಪಕಾರದಿಂದ ಉಂಡವರು ಬದುಕುವುದು ದಯೆಯ ವಿಪರ್ಯಾಸವಾಗುತ್ತದೆ.

ಆಯ್ದಕ್ಕಿ ಲಕ್ಕಮ್ಮನ ಚರಿತ್ರೆ ಇಲ್ಲಿ ದಾರಿ ತೋರುವುದು. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವಳ ಪತಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಗತ್ಯಕ್ಕೆ ಮೀರಿದುದನ್ನು ಹಿಂದಿರುಗಿಸಿ ಬರುವಂತೆ ಲಕ್ಕಮ್ಮ ಅವನನ್ನು ಕಳುಹಿದಳು. ಈ ಕಥೆಯನ್ನು ಬಡವರಿಗೆ ಸಂತೃಪ್ತಿಯನ್ನು ಬೋಧಿಸಲು ಬಳಸುವವರುಂಟು. ಅದು ಕಥೆಯ ಅರ್ಧಾರ್ಥ. ಆಯ್ದ ಅಕ್ಕಿಯಲ್ಲಿ ಜೀವಿಸುವವಳೇ ಹೆಚ್ಚಾದುದನ್ನು ಹಿಂದಿರುಗಿಸಿದಳೆಂದ ಮೇಲೆ, ಕಣಜ ತುಂಬಿದವರು ಹಿಂದಿರುಗಿಸಬೇಕಾದುದು ಎಷ್ಟು ಎಂಬುದು ಅದರ ಪೂರ್ಣಾರ್ಥ. ಗುಡ್ಡದಿಂದ ಬಂದ ನೀರಿನಲ್ಲಿ ಹೆಚ್ಚು ಪಡೆದವರು ಯಾರು? ನಾಲೆಯ ಕೆಳಗಿನವರು, ಪಟ್ಟಣದವರು. ಆದುದರಿಂದ ಹಿಂದಿರುಗಿಸುವ ಹೊಣೆ ಮೊದಲು ಅವರದು. ಆಡು ಮೇಯಿಸುವವಳಿಗೆ ಐದು ವರ್ಷದ ಮೇವೂ ಸೌದೆಯೂ ಕೂಲಿಯೂ ಒದಗಿದ ಮೇಲೆ ಮಾತ್ರ ಗುಡ್ಡವನ್ನು ಬಿಟ್ಟುಕೊಡೆಂದು ಕೇಳುವ ಅಧಿಕಾರ ಕೆಳಗಿನವರಿಗೆ ಹುಟ್ಟುವುದು.

ಇದು ಆದರ್ಶದ ಮಾತು, ನಡೆಯತಕ್ಕುದಲ್ಲ ಎನ್ನುವವರಿಗೆ ನಡೆದುದರ ನಿದರ್ಶನಗಳಿವೆ. ಚಂಡೀಗಢದ ಜನರಿಗಾಗಿ 1958ರಲ್ಲಿ ಕಟ್ಟಿದ ಸುಖ್ನಾ ಕೆರೆ ಕೆಲವೇ ವರ್ಷಗಳಲ್ಲಿ ಹೂಳಿನಿಂದ ತುಂಬತೊಡಗಿತು. ಆ ಹೂಳು ಎಲ್ಲಿಂದ ಬರುತ್ತಿದೆಯೆಂದು ಹುಡುಕುತ್ತ ಹೋದವರು ಹರಿಯಾಣದ ಶಿವಾಲಿಕ ಬೆಟ್ಟಗಳ ತಪ್ಪಲಿನ ಸುಖೋಮಾಜ್ರಿ ಎಂಬ ಹಳ್ಳಿಯನ್ನು ಮುಟ್ಟಿದರು. ಅಲ್ಲಿಯ ಬಡವರ ದನಕುರಿಗಳು ಮೇದು ಬೆಟ್ಟ ಬೋಳಾಗಿತ್ತು. ಮಣ್ಣುಸಂರಕ್ಷಣೆಯ ತಜ್ಞರು ಅಲ್ಲಿ ಬರಿಯ ಆಜ್ಞೆ ಹೊರಡಿಸಲಿಲ್ಲ. 1976ರಿಂದ ಆ ಹಳ್ಳಿಗೇ ಸಣ್ಣ ಕಟ್ಟೆಗಳನ್ನು ಕಟ್ಟಿಕೊಟ್ಟರು. ಬೆಟ್ಟದಲ್ಲಿ ಮೇಯಿಸುವುದನ್ನು ಬಿಟ್ಟರೆ ಕಟ್ಟೆಯ ನೀರಿನಲ್ಲಿ ಪ್ರತಿಯೊಂದು ಮನೆಗೂ ಪಾಲು ಎಂದು ನಿಶ್ಚಯವಾಯಿತು. ಹೊಲವಿಲ್ಲದವನಿಗೂ ಪಾಲು ಸಂದಿತು. ಬೇಲಿಯಿಲ್ಲದೆಯೇ ಬೆಟ್ಟ ಹಸಿರಾಯಿತು. ಅಲ್ಲಿ ಬೆಳೆದ ಭಾಬ್ಬರ್ ಎಂಬ ಹುಲ್ಲು ಹಗ್ಗ ಹೊಸೆಯಲು ಬರುವಂಥದು. ಅದರ ಮಾರಾಟದಿಂದಲೂ ಊರಿಗೆ ಆದಾಯ ಬಂದಿತು. ಚಂದಯ್ಯನ ಕಾಯಕದ ಮರ್ಮವನ್ನು ಅವನ ಹೆಸರನ್ನೂ ಕೇಳದ ಹಳ್ಳಿಯೊಂದು ತನ್ನ ಅನುಭವದಿಂದಲೇ ಕಂಡುಕೊಂಡಿತು.

ಹೊರದೇಶಗಳಲ್ಲಿಯೂ ಇದೇ ತತ್ತ್ವ ಬೇರೆಬೇರೆ ರೂಪಗಳಲ್ಲಿ ಕಾಣುವುದು. ಕೀನ್ಯಾ ದೇಶದಲ್ಲಿ ವಾಂಗಾರಿ ಮಾತಾಯಿ ಎಂಬ ವಿದುಷಿ 1977ರಲ್ಲಿ ಹಳ್ಳಿಯ ಹೆಂಗಸರನ್ನು ಕೂಡಿಸಿ ಮರ ಬೆಳೆಸುವ ಚಳವಳಿಯನ್ನು ಆರಂಭಿಸಿದಳು. ಅಲ್ಲಿ ಹೆಂಗಸರಿಗೆ ಸಣ್ಣ ಸಂಭಾವನೆ ಸಲ್ಲುತ್ತಿದ್ದುದು ನೆಟ್ಟ ಸಸಿಗಲ್ಲ, ಬದುಕಿದ ಸಸಿಗೆ. ಆಕೆಗೆ 2004ರಲ್ಲಿ ಶಾಂತಿಗಾಗಿ ನೊಬೆಲ್ ಪಾರಿತೋಷಕ ದೊರೆಯಿತು. ಚೀನಾ ದೇಶದಲ್ಲಿ 1998ರ ಯಾಂಗ್‌ಟ್ಸಿ ನದಿಯ ಮಹಾಪ್ರವಾಹದ ಅನಂತರ, ಇಳಿಜಾರಿನ ಹೊಲಗಳನ್ನು ಕಾಡಿಗೂ ಹುಲ್ಲಿಗೂ ಬಿಟ್ಟ ರೈತರಿಗೆ ಸರ್ಕಾರವು 1999ರಿಂದ ಧಾನ್ಯವನ್ನೂ ಹಣವನ್ನೂ ಸಸಿಗಳನ್ನೂ ಕೊಡತೊಡಗಿತು. ಮೇಲಿನವನು ಬಿಟ್ಟುಕೊಟ್ಟ ಅನ್ನಕ್ಕೆ ಪ್ರತಿಯಾಗಿ ಅನ್ನವೇ ಬಂದಿತು. ಕರ್ನಾಟಕದಲ್ಲಿಯೂ ಕಾಡಿನ ಆರೈಕೆಯಲ್ಲಿ ಊರವರನ್ನು ಪಾಲುಗಾರರನ್ನಾಗಿಸುವ ಗ್ರಾಮ ಅರಣ್ಯ ಸಮಿತಿಗಳಿಗೆ 1993ರಲ್ಲಿ ಆಜ್ಞೆಯಾಯಿತು. 2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆಗೆ ಆರಿಸಿದ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಬದು, ಕಂದಕ, ತಡೆ ಅಣೆ, ಗಿಡಗಳನ್ನು ಊರವರೊಡನೆ ಕೂಡಿಯೇ ಮಾಡಬೇಕೆಂಬುದು ಆ ಯೋಜನೆಯ ಕ್ರಮ. ಆದುದರಿಂದ ದಾರಿ ತಿಳಿಯದೆಂದು ಯಾರೂ ಹೇಳುವಂತಿಲ್ಲ.

ಋಣದ ಲೆಕ್ಕದಲ್ಲಿ ಗಣಿಗಳನ್ನು ಮರೆಯುವಂತಿಲ್ಲ. ಆಡು ಮೇಯುವುದು ಹುಲ್ಲನ್ನು. ಗಣಿ ಮೇಯುವುದು ಬೆಟ್ಟವನ್ನೇ. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ಸೀಮೆಗಳ ಬೆಟ್ಟಗಳಲ್ಲಿ ಕಬ್ಬಿಣದ ಅದಿರುಂಟು. ಅದನ್ನು ಅಗೆಯಲು ಮೊದಲು ಮರ, ಆಮೇಲೆ ಮಣ್ಣು ಹೋಗಬೇಕು. ರಾಶಿಹಾಕಿದ ಸಡಿಲ ಮಣ್ಣು ಮೊದಲ ಮಳೆಗೇ ಹಳ್ಳದ ದಾರಿ ಹಿಡಿಯುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನೂ, ಅನಂತರ ಚಿತ್ರದುರ್ಗ ತುಮಕೂರು ಜಿಲ್ಲೆಗಳ ಗಣಿಗಳನ್ನೂ ನಿಲ್ಲಿಸಿ, ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆ ಸಿದ್ಧವಾಗಬೇಕೆಂದು ವಿಧಿಸಿತು. ಕಬ್ಬಿಣ ಬೇಡವೆಂದು ಯಾರೂ ಹೇಳಲಾರರು. ನೇಗಿಲ ಕುಳವೂ ಕಬ್ಬಿಣವೇ. ಆದರೆ ಆಡಿನ ಒಡತಿಗೆ ಕೈ ಅಡ್ಡ ಹಿಡಿಯುವವರು ಗಣಿಯ ಒಡೆಯನ ಮುಂದೆ ಮೌನವಾಗಿದ್ದರೆ ಅವರ ಮಾತನ್ನು ಗುಡ್ಡದ ಜನ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಮರವೆಂದೊಡನೆ ಎಲ್ಲವೂ ಹಿತವೆಂದು ತಿಳಿಯುವುದೂ ವಿವೇಕವಲ್ಲ. 1980ರ ದಶಕದಲ್ಲಿ ಒಣಸೀಮೆಗಳಲ್ಲಿ ನೀಲಗಿರಿಯನ್ನು ಹೇರಳವಾಗಿ ನೆಟ್ಟರು. ಅದು ಬೇಗ ಬೆಳೆಯಿತು, ಹಣವನ್ನೂ ತಂದಿತು. ಆದರೆ ಒಣನೆಲದ ನೀಲಗಿರಿ ತೋಪಿನ ಕೆಳಗೆ ಹುಲ್ಲು ಪೊದೆಗಳು ವಿರಳ. ಹನಿಯ ಪೆಟ್ಟನ್ನು ತಾಳಲು ನೆಲದ ಮೇಲೆ ಏನೂ ಇಲ್ಲದಿದ್ದರೆ ಮೇಲೆ ಮರವಿದ್ದೂ ಮಣ್ಣು ಹೋಗುವುದು. ರಾಜ್ಯ ಸರ್ಕಾರ 2017ರಲ್ಲಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಹಾಗೆಯೇ ಅನಾದಿಯಿಂದ ಹುಲ್ಲುಗಾವಲಾಗಿರುವ ಕಾವಲುಗಳಲ್ಲಿ ಹುಲ್ಲೇ ಮಣ್ಣಿನ ಕಾವಲುಗಾರ; ಅದನ್ನು ಕಿತ್ತು ಮರ ನೆಡುವುದು ಉಪಕಾರದ ಹೆಸರಿನ ಅಪಕಾರ. ಮಲೆನಾಡಿನ ಕಡಿದಾದ ಇಳಿಜಾರಿನ ವಿಷಯ ಇನ್ನೂ ಗಂಭೀರವಾದುದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ, ಅದೇ ತಿಂಗಳ 30ರಂದು ನೆರೆಯ ವಯನಾಡಿನಲ್ಲಿ ಗುಡ್ಡಗಳು ಕುಸಿದು ಜನರನ್ನು ಬಲಿ ತೆಗೆದುಕೊಂಡವು. ಬೇರು ಹಿಡಿದು ನಿಲ್ಲಿಸಬಲ್ಲುದು ಮೇಲಿನ ಕೆಲವು ಅಡಿಗಳ ಮಣ್ಣನ್ನು. ರಸ್ತೆಗಾಗಿ ಬುಡವನ್ನೇ ನೆಟ್ಟಗೆ ಕಡಿದ ಗುಡ್ಡವನ್ನು, ದಿನಗಟ್ಟಲೆ ಸುರಿದ ಮಳೆಯಿಂದ ಆಳದವರೆಗೆ ನೆನೆದ ಗುಡ್ಡವನ್ನು, ಮರವೊಂದೇ ಎತ್ತಿಹಿಡಿಯಲಾರದು. ಕಡಿಯಬಾರದ ಕಡೆ ಕಡಿಯದಿರುವುದು ನೆಡುವುದಕ್ಕಿಂತ ಮೊದಲಿನ ಧರ್ಮ. ವೇದಾವತಿಯ ತೌರುಮನೆ ಅಂಥ ಇಳಿಜಾರುಗಳ ನಡುವೆ ಇರುವುದರಿಂದ ಬಯಲುಸೀಮೆಯವರಿಗೆ ಇದು ಪರರ ಸುದ್ದಿಯಲ್ಲ.

ಕೊನೆಯದಾಗಿ ಮೂರನೆಯ ಪೂರ್ವಪಕ್ಷ. ಕಮರದಂಥ ಮರ ಬಲಿಯಲು ದಶಕಗಳು ಬೇಕು. ಐವತ್ತು ವಯಸ್ಸಿನವನು ನೆಟ್ಟರೆ ಅದರ ಪೂರ್ಣಫಲವನ್ನು ಅವನು ಕಾಣನು. ಇನ್ನೂ ಹುಟ್ಟದಿರುವವರಿಗೆ ಇಂದಿನವರು ಋಣಿಗಳಾಗುವುದು ಹೇಗೆ? ಕೊಟ್ಟವನಿಗೆ ಋಣವುಂಟು, ಏನನ್ನೂ ಕೊಡದವನಿಗೆ ಋಣವೆಲ್ಲಿಯದು?

ದೇವಋಣ, ಋಷಿಋಣ, ಪಿತೃಋಣಗಳೆಂದು ಋಣಗಳನ್ನು ಮೂರಾಗಿ ಶಾಸ್ತ್ರಗಳು ಎಣಿಸಿದವು. ಮೂರೂ ಹಿಂದಿನವರಿಂದ ಬಂದವು. ಆದರೆ ಋಷಿಋಣ ತೀರುವುದು ಹೇಗೆ? ಕಲಿತುದನ್ನು ಋಷಿಗಳಿಗೆ ಮರಳಿ ಒಪ್ಪಿಸುವುದರಿಂದಲ್ಲ, ಮುಂದಿನವರಿಗೆ ಕಲಿಸುವುದರಿಂದ. ಪಿತೃಋಣ ತೀರುವುದೂ ಮುಂದಿನ ಪೀಳಿಗೆಯನ್ನು ಬೆಳೆಸುವುದರಿಂದ. ಹಿಂದಿನವರಿಂದ ಪಡೆದುದನ್ನು ಮುಂದಿನವರಿಗೆ ಸಲ್ಲಿಸುವುದೇ ಋಣವಿಮೋಚನೆಯ ಕ್ರಮವೆಂದಾಯಿತು. ಮಣ್ಣಿನ ಋಣಕ್ಕೂ ಇದೇ ನ್ಯಾಯ. ಈಗಿನವರು ಉಳುವ ಮಣ್ಣನ್ನು ಹಿಂದಿನ ಕಾಡುಗಳು ಕೂಡಿಟ್ಟವು. ಈಗಿನವರು ನಿಂತ ನೆರಳಿನ ಹುಣಸೆಯನ್ನು ನೆಟ್ಟವರು ಯಾರೋ ತಿಳಿಯದು. ಆ ಅಜ್ಞಾತರಿಗೆ ಮರಳಿ ಕೊಡಲು ಬಾರದು. ಅವರಂತೆಯೇ ಅಜ್ಞಾತರಾದ ಮುಂದಿನವರಿಗೆ ಕೊಡಬಹುದು. ಶರಣರ ಪರಿಭಾಷೆಯಲ್ಲಿ ಹೇಳುವುದಾದರೆ, ಅರ್ಪಿಸದೆ ಕೊಂಡುದು ಪ್ರಸಾದವಾಗದು. ಕೆರೆಯ ನೀರನ್ನು ಕೊಂಡು ಗುಡ್ಡಕ್ಕೆ ಏನನ್ನೂ ಅರ್ಪಿಸದವನು ಉಂಡುದು ಬರಿಯ ಪದಾರ್ಥ.

ಈ ವಿಚಾರ ಆಚರಣೆಗೆ ಇಳಿದರೆ ಅದರ ರೂಪ ಸಣ್ಣದಾಗಿಯೇ ಕಾಣುವುದು. ಹೊಲದವನು ಇಳಿಜಾರಿಗೆ ಅಡ್ಡಲಾಗಿ ಉತ್ತು, ಬದುವಿನ ಮೇಲೆ ಹೊಂಗೆಯನ್ನೋ ಬೇವನ್ನೋ ಹಾಕುವುದು. ಆಡಿನವಳಿಗೆ ಮನೆಯ ಬಳಿಯೇ ಸೊಪ್ಪು ಮೇವು ಒದಗುವವರೆಗೆ ಅವಳ ಗುಡ್ಡವನ್ನು ಮುಚ್ಚದಿರುವುದು; ಮುಚ್ಚಿದ ಮೇಲೆ ಅಲ್ಲಿಯ ಹುಲ್ಲನ್ನು ಕೊಯ್ದು ಒಯ್ಯುವ ಹಕ್ಕನ್ನು ಮೊದಲು ಅವಳಿಗೇ ಕೊಡುವುದು. ಕೆರೆಗೆ ಬಂದು ಬಿದ್ದ ಗೋಡನ್ನು ಬೇಸಗೆಯಲ್ಲಿ ಎತ್ತಿ ಮೇಲಿನ ಹೊಲಗಳಿಗೆ ಮರಳಿ ಹೊಡೆಯುವುದು. ಇದು ಹಿರಿಯರು ಬಲ್ಲ ಪದ್ಧತಿಯೇ ಆಗಿತ್ತು. ನಾಲೆಯ ನೀರು ಉಣ್ಣುವವರು ತಮ್ಮ ಫಸಲಿನಲ್ಲಿ ಒಂದು ಸಣ್ಣ ಪಾಲನ್ನು ಮೇಲಿನ ಹಳ್ಳಿಗಳ ಕಾಡಿನ ಕಾವಲಿಗೆ ಎತ್ತಿಡುವುದು. ಶಾಲೆಯ ಮಕ್ಕಳು ಜೂನ್ ತಿಂಗಳಲ್ಲಿ ನೆಟ್ಟುದನ್ನು ಎಣಿಸುವುದರ ಬದಲು ಮೂರನೆಯ ವರ್ಷದ ಬೇಸಗೆ ಕಳೆದ ಮೇಲೆ ಉಳಿದುದನ್ನು ಎಣಿಸಿ ಬರೆದಿಡುವುದು. ಮೊದಲ ಎಣಿಕೆಯಲ್ಲಿ ಉತ್ಸಾಹ ತಿಳಿಯುವುದು, ಎರಡನೆಯ ಎಣಿಕೆಯಲ್ಲಿ ಕಾಯಕ ತಿಳಿಯುವುದು.

ವಾಣಿವಿಲಾಸ ಸಾಗರ ಮುಂದೆಯೂ ತುಂಬುವ ವರ್ಷಗಳು ಬರಬಹುದು, ಆಗಲೂ ಜನ ನೆರೆಯಬಹುದು, ನೀರಿಗೆ ಬಾಗಿನ ಸಲ್ಲಬಹುದು. ಅದರೊಡನೆ ಇನ್ನೊಂದು ಬಾಗಿನ ಅಣೆಕಟ್ಟಿನ ಹಿಂದಣ ದಾರಿಯಲ್ಲಿ ಮೇಲಕ್ಕೆ, ಹೊಸದುರ್ಗದ ಗುಡ್ಡಗಳ ಕಡ�ೆಗೆ ಹೋಗಬೇಕಾಗಿದೆ. ಅದರಲ್ಲಿ ಅರಿಸಿನ ಕುಂಕುಮಗಳಿಗಿಂತ ಮೊದಲು ಇರಬೇಕಾದುದು ಆಡು ಕಾಯುವವಳ ಮನೆಯ ವರ್ಷದ ಮೇವು ಮತ್ತು ಸೌದೆ. ಅಷ್ಟು ಸಂದ ದಿನ, ಬೆಟ್ಟದ ಮಣ್ಣು ಯಾರದೆಂಬ ಪ್ರಶ್ನೆಯನ್ನು ಅವಳೂ ಕೆಳಗಿನ ತೋಟದವನೂ ಒಂದೇ ಜಗಲಿಯ ಮೇಲೆ ಕುಳಿತು ವಿಚಾರಿಸಬಹುದು.